ಹೊಲಿದಿಟ್ಟ ಹಾಳೆಗಳು

ನನ್ನ ಮೇಜಿನ ಮೇಲೆ ಈಗೊಂದು ಹಳೆಯ ಕಾದಂಬರಿ ಇದೆ. ಬರೆದವನು ನಾನೇ. ಆದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲು ನನಗೇ ಆಗುವುದಿಲ್ಲ. ಇನ್ನೇನು ಒಂದೇ ಅಧ್ಯಾಯ ಉಳಿಯಿತು ಎನ್ನುವಲ್ಲಿ ಅದರ ಕೆಲವು ಹಾಳೆಗಳನ್ನು, ಕೌದಿ ಹೊಲಿಯುವ ದಪ್ಪ ದಾರದಿಂದ, ಅಂಚಿನುದ್ದಕ್ಕೂ ಹೊಲಿದುಬಿಟ್ಟಿದ್ದಾರೆ. ಒಳ್ಳೆಯ ಕೈ. ಇಷ್ಟು ವರ್ಷವಾದರೂ ಒಂದು ಹೊಲಿಗೆ ಸಡಿಲಾಗಿಲ್ಲ. ನನ್ನ ಪುಸ್ತಕದ ಮೂಲ ಕಟ್ಟು ಮಾತ್ರ ಎಂದೋ ಬಿಚ್ಚಿಹೋಗಿದೆ.

ಇದನ್ನು ತಂದಿಟ್ಟವಳು ಹೊನ್ನಮ್ಮ. ದೇವದುರ್ಗದ ಶಾಲೆಯಲ್ಲಿ ಟೀಚರು. ಹೋದ ಆದಿತ್ಯವಾರ ಬಸ್ಸಿಳಿದು, ರಾಯಚೂರಿನ ಬಿಸಿಲಲ್ಲಿ ನಾಲ್ಕು ಜನರನ್ನು ಕೇಳಿಕೊಂಡು ನಮ್ಮ ಮನೆ ಹುಡುಕಿ ಬಂದಳು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಕೆಂಪು ವಸ್ತ್ರದ ಗಂಟು ಬಿಚ್ಚಿ ಪುಸ್ತಕ ಹೊರಗೆ ತೆಗೆದಳು.

"ನಾ ಮಸರಕಲ್ ಬಸಲಿಂಗಮ್ಮನ ಮೊಮ್ಮಗಳ್ರಿ. ಹೋದ ವರ್ಷ ಆಯಿ ತೀರಿಕೊಂಡ್ಲು. ಅಕಿ ಪೆಟ್ಟಿಗ್ಯಾಗ ಇದು ಇತ್ತು. 'ಬರ್ದವ್ರನ್ನ ಕೇಳಲಾರ್ದ ದಾರ ಬಿಚ್ಚಬ್ಯಾಡ' ಅಂತ ಹೇಳಿ ಹೋಗ್ಯಾಳ. ಅದಕ್ಕ ಕೇಳಾಕ ಬಂದೀನಿ. ಬಿಚ್ಚಲೇನ್ರಿ?"

ನಾನು ಪುಸ್ತಕ ತಿರುವಿ ಹೊಲಿಗೆ ನೋಡಿದೆ. ಅವಳೇ ಮುಂದುವರಿಸಿದಳು.

"ಇದರಾಗ ನಮ್ಮವ್ವನ ಸುದ್ದಿ ಅದ ಅಂತ ಊರಾಗ ಹಿರ್ಯಾರು ಅಂತಾರ್ರಿ. ನಮ್ಮವ್ವನ ಮಾತು ತಗದ್ರ ಆಯಿ ಎದ್ದು ಹಿತ್ತಲಕ್ಕ ಹೋಗಿಬಿಡ್ತಿದ್ಲು. ನಮ್ಮಪ್ಪ ಮಾತೇ ಆಡ್ಲಿಲ್ಲ. ಇಷ್ಟು ವಯಸ್ಸಾತು, ಅಕಿ ಹ್ಯಾಂಗ ಹೋದ್ಳು ಅಂತ ನಂಗ ಯಾರೂ ಹೇಳಿಲ್ಲ."

ಮುಂದಿನ ಆದಿತ್ಯವಾರ ಬಾರವ್ವಾ, ಹೇಳುತ್ತೇನೆ ಎಂದು ಕಳಿಸಿಕೊಟ್ಟೆ. ಆ ಹೊಲಿಗೆ ಹಾಕಿದ್ದು ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗ. ಹಾಕಿದ್ದೂ ಅವಳ ಸಲುವಾಗಿಯೇ. ಒಳಗೆ ಏನಿದೆ ಎಂಬುದು ನನಗೆ ಗೊತ್ತು. ಬಿಚ್ಚು ಅನ್ನಲು ನನಗೆ ಬಾಯಿ ಬರುತ್ತಿಲ್ಲ, ಬೇಡ ಅನ್ನಲು ನಾನ್ಯಾರು? ಈ ವಾರವೆಲ್ಲ ಇದೇ ಆಯಿತು. ನಿಮ್ಮ ಮುಂದಾದರೂ ಹೇಳಿಕೊಂಡರೆ ಹಗುರಾದೀತೆಂದು ಬರೆಯಲು ಕೂತಿದ್ದೇನೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ಅದು ಬೇಗ ಮುಗಿಯುವಂಥದ್ದು. ನಿಜಾಮರ ಕಾಲದಲ್ಲಿ ನಾನು ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಗಲೆಲ್ಲ ಉರ್ದು ಬರೆಯುವುದು, ಬಲದಿಂದ ಎಡಕ್ಕೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕನ್ನಡ ಬರೆಯುವುದು, ಎಡದಿಂದ ಬಲಕ್ಕೆ. ಹಗಲು ಬರೆದದ್ದಕ್ಕೆ ಸರಕಾರ ಸಂಬಳ ಕೊಡುತ್ತಿತ್ತು. ಸಂಜೆ ಬರೆದದ್ದಕ್ಕೆ ನಮ್ಮಾಕೆ ಬೈಗುಳ ಕೊಡುತ್ತಿದ್ದಳು, ಸೀಮೆಎಣ್ಣೆ ಖರ್ಚಾಗುತ್ತದೆಂದು. ಯುದ್ಧದ ಕಾಲ, ಸೀಮೆಎಣ್ಣೆಯೂ ಸಿಗುತ್ತಿರಲಿಲ್ಲ, ಕಾಗದವೂ ಸಿಗುತ್ತಿರಲಿಲ್ಲ. ಆದರೂ ನಾನು ರಾಜರಾಣಿಯರ ಕತೆ ಬರೆಯುತ್ತಿದ್ದೆ. ಇತಿಹಾಸದ ಬಟ್ಟೆ ತೊಟ್ಟ ಕಟ್ಟುಕತೆಗಳು. ಕುದುರೆ ನೀರಿನ ಮೇಲೆ ಓಡುವಂಥವು, ಕಲ್ಲು ಮಾತಾಡುವಂಥವು.

ಈ ಚಟ ಹತ್ತಿಸಿದವನು ನಮ್ಮಜ್ಜ. ಕನ್ನಡ ಅಕ್ಷರ ಕಲಿಸಿದವನೂ ಅವನೇ. ಚಿಕ್ಕಂದಿನಲ್ಲಿ ನನ್ನನ್ನು ಕೋಟೆಗೆ ಕರೆದುಕೊಂಡು ಹೋಗುತ್ತಿದ್ದ. ಕೋಟೆಯ ಗೋಡೆಯಲ್ಲಿ ಒಂದು ಉದ್ದನೆಯ ಕಲ್ಲಿದೆಯಲ್ಲ, ಅದರ ಮುಂದೆ ನಿಂತು, "ಇದರ ಹಿಂದ ಸುರಂಗ ಅದಲೇ, ಸೀದಾ ಕೃಷ್ಣಾ ಹೊಳಿಗೆ ಹೋಗ್ತದ. ಕಿವಿ ಹಚ್ಚಿ ಕೇಳು, ನೀರು ಹರಿಯೂದು ಕೇಳಿಸ್ತದ" ಅನ್ನುತ್ತಿದ್ದ. ನಾನು ಕಿವಿ ಹಚ್ಚುತ್ತಿದ್ದೆ. ಬೇಸಿಗೆಯಲ್ಲಿ ಆ ಕಲ್ಲಿಗೆ ಕಿವಿ ಹಚ್ಚಿದರೆ ಏನಾಗುತ್ತದೆಂದು ರಾಯಚೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಕಿವಿ ಸುಟ್ಟುಕೊಂಡು ಬಂದು ಅವ್ವನ ಕೈಲಿ ಬೆಣ್ಣೆ ಹಚ್ಚಿಸಿಕೊಳ್ಳುತ್ತ, ನೀರಿನ ಸಪ್ಪಳ ಕೇಳಿಸಿತೆಂದು ಆಣೆ ಮಾಡುತ್ತಿದ್ದೆ. ನಾನು ಕಾದಂಬರಿಕಾರನಾದದ್ದು ಅಂದೇ ಇರಬೇಕು.

ಆ ಸುರಂಗವನ್ನೇ ಇಟ್ಟುಕೊಂಡು ಬರೆದದ್ದು 'ಹೊನ್ನಲದೇವಿ'. ಇಂಥ ರಾಣಿ ಯಾವ ಇತಿಹಾಸದಲ್ಲೂ ಇಲ್ಲ, ಪಟ್ಟ ಕಟ್ಟಿದವನು ನಾನೇ. ಅವಳ ಕರಿಯ ಕುದುರೆ ತುಂಬಿದ ಕೃಷ್ಣೆಯ ಮೇಲೆ ಓಡುತ್ತದೆ. ಅವಳ ಕೈಯಲ್ಲೊಂದು ದೀಪವಿದೆ, ಅದರ ಬೆಳಕು ಅವಳ ಜನರಿಗೆ ಮಾತ್ರ ಕಾಣುತ್ತದೆ, ವೈರಿಗಳಿಗೆ ಕಾಣುವುದಿಲ್ಲ. ಕೊನೆಗೆ ವೈರಿಗಳು ಕೋಟೆ ಮುತ್ತುತ್ತಾರೆ, ತುಂಬಿದ ಬಸುರಿ ರಾಣಿ ತನ್ನ ನಿಧಿಯನ್ನು ಗುಡ್ಡದಲ್ಲಿ ಹೂಳಿಸಿ ಸುರಂಗ ಹೊಗುತ್ತಾಳೆ.

ರಾಯಚೂರಿನಲ್ಲಿ ಅದನ್ನು ಮೊದಲು ಓದಿದವರು ಒಬ್ಬ ವಕೀಲರು. ಓದಿ ನನ್ನನ್ನು ಕರೆಸಿದರು. ನಾನು ಹೊಗಳಿಸಿಕೊಳ್ಳಲು ತಲೆಗೆ ಎಣ್ಣೆ ಹಚ್ಚಿಕೊಂಡು ಹೋದೆ.

"ಈ ರಾಣಿಗೆ ಶಾಸನ ಎಲ್ಲ್ಯದ್ರಿ?" ಎಂದರು.

"ಶಾಸನ ಇಲ್ರಿ."

"ಕುದುರಿ ನೀರ ಮ್ಯಾಲ ಓಡ್ತದೇನ್ರಿ? ಎಲ್ಲಾ ಸುಳ್ಳು!"

ನನಗೆ ಮೈ ಉರಿಯಿತು. ಇತಿಹಾಸದ ಮೈ ಬೇರೆ, ಆತ್ಮ ಬೇರೆ, ನಾನು ಬರೆದದ್ದು ಆತ್ಮ ಎಂದು ಏನೇನೋ ವಾದಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಆತ್ಮಕ್ಕ ಸಾಕ್ಷಿ ಯಾರು?" ಎಂದು ಕೇಳಿದರು. ಆಮೇಲೆ ಎಷ್ಟೋ ದಿನ ಅವರ ಓಣಿಯಲ್ಲಿ ನಾನು ಹಾಯಲಿಲ್ಲ. ಸುಳ್ಳು ಅನ್ನುವ ಶಬ್ದ ಕೇಳಿದರೆ ಕಚ್ಚಲು ಹೋಗುತ್ತಿದ್ದೆ.

ಇದಕ್ಕೆ ತದ್ವಿರುದ್ಧ ಮಾನ್ವಿಯ ಒಬ್ಬ ಸಾಹುಕಾರರು. ಅವರು ನಮ್ಮ ಮನೆಗೆ ಬಂದು, ಬಾಗಿಲು ಮುಚ್ಚಿಸಿ, ಪಿಸುದನಿಯಲ್ಲಿ, "ನೀವು ಬರ್ದ ನಿಧಿ ಕುರ್ಡಿ ಕಡೆ ಗುಡ್ಡದಾಗ ಅದ ಅಂತ ಲೆಕ್ಕಾ ಹಾಕಿ ಅಗಿಸಿದ್ನಿ. ಚೇಳು ಬಿಟ್ರ ಏನೂ ಸಿಗಲಿಲ್ಲ. ಖರೇ ಜಾಗಾ ಪುಸ್ತಕದಾಗ ಹಾಕಂಗಿಲ್ಲ, ಅದು ನನಗೂ ತಿಳೀತದ. ನನ್ನೊಬ್ಬಗ ಹೇಳ್ರಿ, ಅರ್ಧ ನಿಮಗ" ಎಂದರು. ಅಯ್ಯೋ ಅದು ನಾನು ಹುಟ್ಟಿಸಿದ್ದು ಎಂದು ದೇವರಾಣೆ ಮಾಡಿದೆ. "ಆತು ಬಿಡ್ರಿ, ನನ್ನ ಮ್ಯಾಲ ನಂಬಿಕಿ ಬಂದ ಮ್ಯಾಲೆ ಹೇಳ್ರಿ" ಎಂದು ಎದ್ದರು. ಸಾಯುವ ತನಕ ನನ್ನನ್ನು ಕಂಡಾಗಲೆಲ್ಲ ಕಣ್ಣು ಹೊಡೆಯುತ್ತಿದ್ದರು.

ಕಚೇರಿಯ ಸಾಹೇಬರಿಗೂ ಸುದ್ದಿ ಮುಟ್ಟಿತು. "ಕ್ಯಾ ಮುನ್ಶೀಜಿ, ಕಿತಾಬ್ ಲಿಖೇ ಕತೆ?" ಪುಸ್ತಕ ಬರೆದಿದ್ದೀಯಂತೆ ಎಂದು ಕರೆದರು. ನೌಕರಿ ಹೋಯಿತೆಂದುಕೊಂಡೆ. ಕತೆ ಹೇಳು ಎಂದರು. ಉರ್ದುವಿನಲ್ಲಿ ಹೇಳತೊಡಗಿದೆ. ಕೋಟೆ ಮುತ್ತುವ ಹೊತ್ತಿಗೆ ಅವರು ಕಾಗದಗಳನ್ನು ಬದಿಗೆ ಸರಿಸಿ, "ಫಿರ್? ಫಿರ್?" ಎನ್ನುತ್ತಿದ್ದರು. ಕೊನೆಯದನ್ನು ಹೇಳಿದಾಗ ಕೈಯಲ್ಲಿದ್ದ ಲೇಖನಿ ಕೆಳಗಿಟ್ಟರು. ಆಮೇಲೆ, "ರಾನೀ ಕೋ ನಕ್ಕೋ ಮಾರೋ ಜಿ" ಎಂದರು. ಪುಸ್ತಕ ಅಚ್ಚಾಗಿ ಎಷ್ಟೋ ತಿಂಗಳಾಗಿತ್ತು, ಅವರು ಈಗ ರಾಣಿಯನ್ನು ಕೊಲ್ಲಬೇಡವಯ್ಯಾ ಅನ್ನುತ್ತಿದ್ದರು!

ಆ ಸಾವಿನ ಅಧ್ಯಾಯವೇ ನನ್ನ ಹೆಮ್ಮೆ. ಕೇಳಿ. ಸುರಂಗದಲ್ಲಿ ರಾಣಿಗೆ ಹೆರಿಗೆಯಾಗುತ್ತದೆ. ಕೂಸು ಅಳುತ್ತದೆ. ದಾಸಿ ದೀಪ ಹತ್ತಿರ ತರುತ್ತಾಳೆ. ಕೂಸಿನ ಮುಖ ನೋಡಬೇಕೆಂದು ರಾಣಿ ತಲೆ ಎತ್ತುತ್ತಾಳೆ. ಅಷ್ಟರಲ್ಲಿ ಗಾಳಿ ಬೀಸಿ ದೀಪ ಆರುತ್ತದೆ. ಕತ್ತಲಲ್ಲಿ ಅವಳು ಬೆರಳಿನಿಂದ ಕೂಸಿನ ಹಣೆ, ಮೂಗು, ತುಟಿ ಸವರುತ್ತ, ಮುಖ ನೋಡದೆಯೇ ಪ್ರಾಣ ಬಿಡುತ್ತಾಳೆ. ಮೊದಲು ಬರೆದಾಗ ಅವಳು ಕೂಸಿನ ಮುಖ ನೋಡಿಯೇ ಸಾಯುತ್ತಿದ್ದಳು. ಓದುವವರು ಇನ್ನಷ್ಟು ಅಳಬೇಕೆಂದು ನಾನೇ ದೀಪ ಆರಿಸಿದೆ. ಬರೆದು ಮುಗಿಸಿ ಬಿಕ್ಕಿ ಬಿಕ್ಕಿ ಅತ್ತು, ನಮ್ಮಾಕೆಯನ್ನು ಕರೆದು ಓದಿ ತೋರಿಸಿದೆ. ಅವಳು ಕೇಳಿ, "ಆ ದೀಪಕ್ಕ ಇನ್ನೊಂದು ಹನಿ ಎಣ್ಣಿ ಹಾಕಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ರೊಟ್ಟಿ ಬಡಿಯಲು ಎದ್ದು ಹೋದಳು. ಅವಳಿಗೆ ಸಾಹಿತ್ಯ ತಿಳಿಯುವುದಿಲ್ಲ ಅಂದುಕೊಂಡೆ.

ಇನ್ನು ಮಸರಕಲ್ಲಿಗೆ ಬರುತ್ತೇನೆ. ಶ್ರಾವಣ ಮಾಸ. ಆ ಊರಿನಿಂದ ಒಬ್ಬ ರೈತ ಬಂದು ನಮ್ಮ ಬಾಗಿಲಲ್ಲಿ ನಿಂತ.

"ನಿಮ್ಮ ಪುರಾಣ ಓದಸಾಕತ್ತೀವ್ರಿ. ಮಂಗಳ ಆಗವಲ್ದು. ನೀವ ಬರಬೇಕಂತ ಅಯ್ಯಾರು ಹೇಳ್ಯಾರ."

"ಪುರಾಣ ಅಲ್ಲಪ್ಪಾ, ಕಾದಂಬರಿ."

"ಹೌದ್ರಿ, ಅದ ಪುರಾಣ" ಎಂದ.

ನಮ್ಮ ಕಡೆ ಶ್ರಾವಣದಲ್ಲಿ ಮನೆಮನೆಗೆ ಪುರಾಣ ಓದಿಸುವುದು ನಿಮಗೂ ಗೊತ್ತಿದ್ದದ್ದೇ. ಅಯ್ಯನವರು ಓದುತ್ತಾರೆ, ಮಂದಿ ಕೂತು ಕೇಳುತ್ತಾರೆ. ಮದುವೆಯ ಸಂಧಿ ಬಂದರೆ ಅಕ್ಷತೆ, ತೊಟ್ಟಿಲ ಸಂಧಿ ಬಂದರೆ ಸಕ್ಕರೆ. ಓದಿ ಮುಗಿದ ದಿನ ಆರತಿ ಬೆಳಗಿ ಮಂಗಳ ಮಾಡುವುದು. ಆ ವರ್ಷ ಯಾರೋ ದೇವದುರ್ಗದ ಸಂತೆಯಿಂದ ನನ್ನ ಪುಸ್ತಕ ಒಯ್ದಿದ್ದರು, ಬಸಯ್ಯನವರೆಂಬ ಆ ಊರಿನ ಅಯ್ಯನವರು ಅದನ್ನೇ ಪೀಠಕ್ಕೇರಿಸಿದ್ದರು. ಇದನ್ನು ಕೇಳಿ ನನಗೆ ನೆಲ ಕಾಣದಾಯಿತು. ಸತ್ಕಾರ ಇರುತ್ತದೆ, ಶಾಲು ಇರುತ್ತದೆ ಎಂದು ಮದುವೆಯ ಕೋಟು ತೊಟ್ಟು, ಟೊಪ್ಪಿಗೆ ಇಟ್ಟು, ಮೋಟಾರು ಹತ್ತಿದೆ. ಇಳಿದಲ್ಲಿ ಎತ್ತಿನ ಗಾಡಿ ಕಾಯುತ್ತಿತ್ತು. ಪುರಾಣ ಓದಿಸುತ್ತಿದ್ದ ಬಸಲಿಂಗಮ್ಮನ ಮನೆ ಮುಟ್ಟುವಷ್ಟರಲ್ಲಿ ಕೋಟಿನೊಳಗೆ ನಾನು ಬೆಂದುಹೋಗಿದ್ದೆ.

ಪಡಸಾಲೆಯ ತುಂಬ ಜನ. ಎತ್ತರದ ಪೀಠದ ಮೇಲೆ ನನ್ನ ಪುಸ್ತಕ, ಅದಕ್ಕೆ ವಿಭೂತಿ, ಹೂವು. ನನ್ನನ್ನು ಕೆಳಗೆ ಕಂಬಳಿಯ ಮೇಲೆ ಕೂರಿಸಿದರು. ಬಸಯ್ಯನವರು, "ಇವ್ರ ನೋಡ್ರಿ ಬರ್ದವ್ರು" ಎಂದು ತೋರಿಸಿದರು. ಒಬ್ಬ ಮುದುಕ ಹುಬ್ಬಿಗೆ ಕೈ ಹಚ್ಚಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇನ್ನೂ ಜೀವಂತ ಅದಾರ?"

"ಅದಾರಲ್ಲಪ್ಪಾ, ಕಣ್ಣ ಮುಂದ ಕುಂತಾರ."

"ನಾ ಯಾವ ಕಾಲದಾಗೋ ಆಗಿಹೋದ ಶರಣ್ರು ಬರ್ದದ್ದು ಅನ್ಕೊಂಡಿದ್ನಿ" ಎಂದು ಮುದುಕ ಬೇಸರದಿಂದ ಗೋಡೆಗೆ ಒರಗಿದ. ನಾನು ಬದುಕಿರುವುದಕ್ಕೆ ಯಾರಾದರೂ ಅಷ್ಟು ನಿರಾಶರಾದದ್ದನ್ನು ನಾನು ಮತ್ತೆ ಕಂಡಿಲ್ಲ.

ರಾಣಿಯನ್ನು ಅವರು ಹೊನ್ನವ್ವ ಎಂದು ಕರೆಯುತ್ತಿದ್ದರು. ಹೊನ್ನವ್ವನ ಮದುವೆಯ ದಿನ ಊರಿಗೆಲ್ಲ ಹುಗ್ಗಿ ಮಾಡಿದ್ದರಂತೆ. ಕೋಟೆಗೆ ಮುತ್ತಿಗೆ ಬಿದ್ದ ದಿನ ಓಣಿಯ ಹೆಂಗಸರು ಮಧ್ಯಾಹ್ನ ಒಲೆ ಹಚ್ಚಲಿಲ್ಲವಂತೆ. ಆ ವಕೀಲರು ಇಲ್ಲಿರಬೇಕಿತ್ತು ಎಂದು ನನಗೆ ಅನ್ನಿಸಿತು. ಆಗ ಬಸಯ್ಯನವರು ನನ್ನನ್ನು ಬದಿಗೆ ಕರೆದು ಪುಸ್ತಕ ತೆರೆದು ತೋರಿಸಿದರು. ನನ್ನ ಆ ಅಧ್ಯಾಯ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಹೊಲಿದಿಟ್ಟಿತ್ತು.

"ಇದೇನ್ರಿ ಅಯ್ಯಾರ!"

"ಸಿಟ್ಟಾಗಬ್ಯಾಡ್ರಿ. ನಾಳಿ ಓದೂದನ್ನ ಇವತ್ತ ಒಬ್ನ ಓದಿ ನೋಡೂದು ನಮ್ಮ ಪದ್ಧತಿ. ನೋಡಿದೆ, ಎದಿ ಒಡೀತು. ಈ ಮನ್ಯಾಗ ಬಸರ ಹೆಣ್ಮಗಳು ಅದಾಳ, ಬಸಲಿಂಗಮ್ಮನ ಸೊಸಿ ನೀಲವ್ವ. ತವರಾಗ ಎರಡು ಹಡದು ಎರಡೂ ಕಳಕೊಂಡಾಳ. ಅದಕ್ಕ ಈ ಸಲ ಅತ್ತಿ ಇಲ್ಲೇ ಇಟ್ಟುಕೊಂಡಾಳ. ಅಕಿ ಮುಂದ ಈ ಸಂಧಿ ಹ್ಯಾಂಗ ಓದ್ಲಿ? ತಪ್ಪಿ ಯಾರರ ತಗದಾರು ಅಂತ ಬಸಲಿಂಗಮ್ಮನ ಕೈಲಿ ಹೊಲಸೀನಿ."

"ಬಿಟ್ಟು ಮುಂದಿನದು ಓದ್ರಿ."

"ಮುಂದ ಕೂಸಿಗೆ ಪಟ್ಟ ಕಟ್ತಾರ. 'ಹೊನ್ನವ್ವ ಎಲ್ಲಿ?' ಅಂತ ಮಂದಿ ಕೇಳ್ತಾರ, ಏನು ಹೇಳ್ಲಿ? ಇಲ್ಲಿಗೇ ನಿಂದ್ರಿಸಿದ್ರ ಮಂಗಳ ಆಗಂಗಿಲ್ಲ. ಮಂಗಳ ಆಗಲಾರದ ಪುರಾಣ ಮನ್ಯಾಗ ಇಟ್ಟುಕೊಂಡು ಅಕಿ ಹ್ಯಾಂಗ ಹಡೀಬೇಕ್ರಿ?"

ಅದು ಇಡೀ ಪುಸ್ತಕದ ಜೀವಾಳ ಎಂದು ನಾನು ಹೇಳಲು ಹೋದೆ. ನಿಜ ಹೇಳುತ್ತೇನೆ, ನನಗೆ ಆ ಹೆಣ್ಣುಮಗಳಿಗಿಂತ ನನ್ನ ದೀಪದ ವಾಕ್ಯದ್ದೇ ಚಿಂತೆಯಾಗಿತ್ತು. ವಕೀಲರು ಸುಳ್ಳು ಅಂದರು, ಇವರು ಹೊಲಿದೇಬಿಟ್ಟರು. ಮುಖ ದಪ್ಪ ಮಾಡಿಕೊಂಡು ಊಟಕ್ಕೆ ಕೂತೆ.

ನೀರು ಹಾಕಲು ಬಂದವಳು ನೀಲವ್ವ. ತುಂಬಿದ ತಿಂಗಳು. ಬಸುರಿಗೆ ಕುಬಸ ಮಾಡಿ ತೊಡಿಸಿದ ಹೊಸ ಹಸಿರು ಬಳೆಗಳು ಕೈತುಂಬ. ತಂಬಿಗೆ ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು.

"ಯಣ್ಣಾ, ಒಂದು ಮಾತು ಕೇಳ್ತೀನಿ."

"ಕೇಳವ್ವಾ."

"ಇಷ್ಟು ದಿನ ಒಳಗ ಕುಂತು ಕೇಳೀನ್ರಿ. ಈಗ ಅಯ್ಯಾರು ಓದವಲ್ರು. ಅತ್ತಿ ಪುಸ್ತಕ ಹೊಲದ್ಲು. ನಾ ಕೇಳಿದ್ರ ಎಲ್ಲಾರೂ ಮಾರಿ ತಿರುಗಸ್ತಾರ. ಹೊನ್ನವ್ವ ಉಳೀತಾಳೇನ್ರಿ?"

ಅವಳು ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಆ ಕೈ ನೋಡಿ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದೆ. ಇಷ್ಟು ಹೊತ್ತು ಇದ್ದ ಸಿಟ್ಟು, ಸೆಡವು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಉಳೀತಾಳವ್ವಾ."

"ಖರೇ?"

"ಬರ್ದವ ನಾನು. ನನಗ ಗೊತ್ತಿಲ್ಲೇನು?"

ಅವಳು ನಕ್ಕಳು. ತಂಬಿಗೆ ಎತ್ತಿಕೊಂಡು ಒಳಗೆ ಹೋದಳು, ಬಳೆಗಳ ಸದ್ದು ಒಳಗಿನಿಂದ ಬಹಳ ಹೊತ್ತು ಕೇಳುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ನಾನೇ ಪೀಠದ ಮುಂದೆ ಕೂತೆ. ಹೊಲಿದ ಹಾಳೆಗಳ ಮೇಲೆ ಬೆರಳಾಡಿಸುತ್ತ, ಓದುವವನ ಹಾಗೆ ಹೇಳುತ್ತ ಹೋದೆ. ಸುರಂಗದಲ್ಲಿ ಹೊನ್ನವ್ವನಿಗೆ ಹೆರಿಗೆಯಾಯಿತು. ಗಾಳಿ ಬೀಸಿತು, ಆದರೆ ದೀಪ ಆರಲಿಲ್ಲ. ಅವಳು ಕೂಸಿನ ಮುಖ ನೋಡಿದಳು. ಕೂಸನ್ನು ಬಗಲಲ್ಲಿ ಇಟ್ಟುಕೊಂಡು ನಡೆದಳು. ಸುರಂಗ ಮುಗಿದಲ್ಲಿ ಕೃಷ್ಣೆ ಎರಡಾಗಿ ದಾರಿ ಬಿಟ್ಟಿತು. ಹೊನ್ನವ್ವ ಹೊರಗೆ ಬಂದು, ಕೂಸಿಗೆ ಹಾಲು ತರ್ರಿ ಅಂದಳು. ಇಷ್ಟು ಹೇಳುವಷ್ಟರಲ್ಲಿ ಅಕ್ಷತೆ ಮಳೆಯಂತೆ ಬಿದ್ದಿತು, ಹೆಂಗಸರು ಹಾಡಿ ಆರತಿ ಎತ್ತಿದರು. ನೀಲವ್ವ ಹೊರಗೆ ಬಂದು ತಾನೇ ಒಂದು ಹಿಡಿ ಅಕ್ಷತೆಯನ್ನು ಪುಸ್ತಕದ ಮೇಲೆ ಹಾಕಿದಳು. ಆ ಮುದುಕ ಕೂಡ ನನ್ನ ಕಾಲು ಮುಟ್ಟಿದ. ಬಸಲಿಂಗಮ್ಮ, "ಕೂಸು ನಮ್ಮ ಕೈಗೆ ಬಂದ್ರ ಧೋತರ, ಕಾಯಿ ತಂದು ನಿಮಗ ಮುಟ್ಟಸ್ತೀನಿ ಯಪ್ಪಾ" ಎಂದು ಪೀಠದ ಮುಂದೆ ಹರಕೆ ಕಟ್ಟಿಕೊಂಡಳು. ಶಾಲು ಮಾತ್ರ ಯಾರೂ ಹೊದಿಸಲಿಲ್ಲ. ನನಗೆ ಅದು ನೆನಪಾದದ್ದು ರಾಯಚೂರಿಗೆ ಬಂದು ಕೋಟು ಬಿಚ್ಚುವಾಗ.

ಬಿಳಿಜೋಳದ ಸುಗ್ಗಿ ನಡೆದಿತ್ತು. ಒಂದು ದಿನ ನಾನು ಕಚೇರಿಗೆ ಹೊರಡುವಾಗ ಬಸಲಿಂಗಮ್ಮ ಬಂದಳು, ಕೈಯಲ್ಲಿ ಧೋತರ, ತೆಂಗಿನಕಾಯಿ. ನೋಡಿ ನನಗೆ ಹಿಗ್ಗೋ ಹಿಗ್ಗು.

"ಕೂಸು ಅದ ಅಂದಂಗಾತು!"

"ಅದ ಯಪ್ಪಾ. ಹೆಣ್ಣುಕೂಸು, ಐದು ತಿಂಗಳಾತು. ಹೊನ್ನವ್ವ ಅಂತ ಹೆಸರಿಟ್ಟೀವಿ."

"ನೀಲವ್ವ ಆರಾಮ ಅದಾಳ?"

ಬಸಲಿಂಗಮ್ಮ ಕಾಯಿಯನ್ನು ನೆಲದ ಮೇಲೆ ಇಟ್ಟಳು. ಅದು ಉರುಳದ ಹಾಗೆ ಬಹಳ ಹೊತ್ತು ಕೈಯಿಂದ ಹಿಡಿದೇ ಇದ್ದಳು.

"ಅಕಿ ಇಲ್ಲ ಯಪ್ಪಾ. ಬ್ಯಾನಿ ತಿನ್ನುವಾಗ 'ಅತ್ತಿ, ಆ ಯಣ್ಣ ಹೇಳಿದ್ದು ಹೇಳು' ಅಂದ್ಳು. ಹೊಳಿ ದಾರಿ ಬಿಟ್ಟದ್ದು, ಹೊನ್ನವ್ವ ಹೊರಗ ಬಂದದ್ದು, ಎಲ್ಲಾ ಹೇಳಿದ್ನಿ. ಮುಗದ್ರ ಮತ್ತ ಹೇಳು ಅಂತಿದ್ಲು. ಹೊತ್ತು ಮೂಡೂದಕ್ಕ ಕೂಸು ಹೊರಗ ಬಂತು. ಬೆಳಕಿಂಡ್ಯಾಗಿಂದ ಬಿಸಲು ಬಿದ್ದಿತ್ತು, ಅದಕ್ಕ ಹಿಡದು ತೋರಸಿದ್ನಿ. 'ಮೂಗು ನಂದ ಅದಲ್ಲ ಅತ್ತಿ' ಅಂದ್ಳು. ಆಮ್ಯಾಲೆ ರಕ್ತ ನಿಂದ್ರಲಿಲ್ಲ. ಮಧ್ಯಾಹ್ನಕ್ಕ ಹೋದ್ಳು."

ಅವಳು ಇನ್ನೂ ಹೇಳುತ್ತಿದ್ದಳು. ನನಗೆ ಮುಂದಿನದು ಕೇಳಿಸಲಿಲ್ಲ. ತಾಯಿ ಹೋದಳು, ಕೂಸು ಉಳಿಯಿತು. ನಾನು ಹೇಳಿದಂತೆ ಆಗಲಿಲ್ಲ, ಬರೆದಂತೆ ಆಗಿತ್ತು. ಇದೊಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ನಾನು ಓದಿದವನು, ಬರೆದದ್ದರಿಂದ ಯಾರೂ ಸಾಯುವುದಿಲ್ಲ ಎಂದು ನನಗೆ ಗೊತ್ತು. ಆದರೂ ಧೋತರ ಕಂಡು ಹಿಂದೆ ಸರಿದೆ.

"ಈ ಧೋತರ ನಾ ಹ್ಯಾಂಗ ತಗೊಳ್ಳಲಿ ಯವ್ವಾ, ಬ್ಯಾಡ" ಎಂದೆ.

"ಕೂಸು ಕೈಗೆ ಬಂದ್ರ ಅಂತ ಬೇಡಿಕೊಂಡಿದ್ನಿ. ಕೂಸು ಕೈಗೆ ಬಂದದ. ದೇವರ ಮಾತು ದೇವರು ನಡಿಸ್ಯಾನ, ನನ್ನ ಮಾತು ನಾ ನಡಿಸಬ್ಯಾಡೇನು?"

ನಾನು ಕೈ ಚಾಚಲಿಲ್ಲ. ನಮ್ಮಾಕೆ ಒಳಗಿನಿಂದ ಬಂದು, ಬಸಲಿಂಗಮ್ಮನ ಎದುರಿಗೆ ಕೂತು, ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆ ಇಟ್ಟು ಅತ್ತರು. ನಾನು ಕಚೇರಿಗೆ ಹೋಗಿ ಇಡೀ ದಿನ ಬಲದಿಂದ ಎಡಕ್ಕೆ ಬರೆದೆ.

ಆಮೇಲೆಯೂ ನಾನು ಕಾದಂಬರಿ ಬರೆದೆ, ಚಟ ಬಿಡಬೇಕಲ್ಲ! ಆದರೆ ಯಾರನ್ನೂ ಸಾಯಿಸಲು ಕೈ ಬರಲಿಲ್ಲ. ಯುದ್ಧ ಮುಗಿದರೆ ಎರಡೂ ಕಡೆಯವರು ಎದ್ದು ಮನೆಗೆ ಹೋಗುತ್ತಿದ್ದರು. ಆ ವಕೀಲರು ಒಮ್ಮೆ ದಾರಿಯಲ್ಲಿ ಸಿಕ್ಕು, "ನಿಮ್ಮ ಯುದ್ಧದಾಗ ಒಬ್ಬರೂ ಸಾಯಂಗಿಲ್ಲೇನ್ರಿ?" ಎಂದು ನಕ್ಕರು. ಆ ದಶಕದ ಕೊನೆಯಲ್ಲಿ ಗದ್ದಲವಾಯಿತು, ನಿಜಾಮರು ಹೋದರು, ಕಚೇರಿಯಲ್ಲಿ ಲಿಪಿ ತಿರುಗಿತು, ನನ್ನ ಪುಸ್ತಕ ಅಚ್ಚು ಹಾಕಿದ ಪ್ರೆಸ್ಸೂ ಮುಚ್ಚಿತು. ಇದ್ದ ಪ್ರತಿಗಳನ್ನು ಗೆದ್ದಲು ತಿಂದಿತು. ಒಂದು ಮಾತ್ರ ಉಳಿದಿದೆ ಎಂದು ನನಗೆ ಗೊತ್ತಿತ್ತು, ಎಲ್ಲಿದೆ ಎಂದೂ ಗೊತ್ತಿತ್ತು. ಮಸರಕಲ್ಲಿಗೆ ಮತ್ತೆ ಹೋಗುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಇಷ್ಟು ಬರೆದು ಇಟ್ಟಿದ್ದೆ. ಇವತ್ತು ಹೊನ್ನಮ್ಮ ಬಂದಳು, ಅಂದಿನ ಹೊನ್ನವ್ವ.

ನಾನು ಏನು ಹೇಳಬೇಕೆಂದು ತಡವರಿಸುತ್ತ ಕೂತಿರುವಾಗ, ನಮ್ಮಾಕೆ ಚಹಾ ತಂದವಳು ಜೊತೆಗೆ ಕತ್ತರಿಯನ್ನೂ ತಂದು ಅವಳ ಕೈಗೆ ಕೊಟ್ಟಳು.

"ನಿನ್ನ ಸಲುವಾಗಿ ಹೊಲದದ್ದು ತಾಯಿ, ನೀನ ಬಿಚ್ಚು. ಇವ್ರನ್ನೇನು ಕೇಳ್ತಿ, ಇವ್ರಿಗೆ ಎಣ್ಣಿ ಹಾಕೂದು ಆವಾಗೂ ತಿಳೀಲಿಲ್ಲ."

ಹೊನ್ನಮ್ಮ ಅವಸರ ಮಾಡಲಿಲ್ಲ. ಒಂದೊಂದೇ ಹೊಲಿಗೆ ಕತ್ತರಿಸಿ, ಎಳೆ ಎಳೆಯಾಗಿ ದಾರ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಹಾಳೆಗಳು ಹೊಸದರ ಹಾಗೆ ಇದ್ದವು. ಆಮೇಲೆ ಶಾಲೆಯಲ್ಲಿ ಪಾಠ ಓದುವ ದನಿಯಲ್ಲಿ ಓದತೊಡಗಿದಳು. ನಾನು ಬರೆದದ್ದನ್ನು ಇಷ್ಟು ವರ್ಷದ ಮೇಲೆ ಕೇಳುತ್ತ, ದೇವರೇ, ಅದು ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಅದಕ್ಕೇ ಇನ್ನಷ್ಟು ಭಯವಾಗುತ್ತಿತ್ತು. ದೀಪ ಆರಿತು. ರಾಣಿಯ ಬೆರಳು ಕೂಸಿನ ಹಣೆಯ ಮೇಲೆ, ಮೂಗಿನ ಮೇಲೆ ಬಂತು. ಅಲ್ಲಿ ಹೊನ್ನಮ್ಮ ನಿಂತಳು. ತಲೆ ಎತ್ತಿದಾಗ ಅವಳ ಕಣ್ಣು ತುಂಬಿದ್ದವು.

"ನಮ್ಮವ್ವನೂ ಹಿಂಗ ಹೋದ್ಳೇನ್ರಿ? ನನ್ನ ಮಾರಿ ನೋಡ್ಲೇ ಇಲ್ಲೇನು?"

ಅವಳ ತಾಯಿ ಬಾಗಿಲಿಗೆ ಆತು ನಿಂತು ಕೇಳಿದ ಹಾಗೆಯೇ ಕೇಳಿದಳು. ಅಂದು ನಾನು ಉತ್ತರ ಹುಟ್ಟಿಸಿ ಹೇಳಿದ್ದೆ. ಇಂದು ಬಾಯಿ ತೆರೆದರೆ ಹುಟ್ಟಿಸಬೇಕಾದ್ದು ಏನೂ ಇರಲಿಲ್ಲ. ಅಂದು ಕೇಳಿಸಿಯೂ ಕೇಳದ ಹಾಗಿದ್ದ ಬಸಲಿಂಗಮ್ಮನ ಮಾತು, ಅವಳ ದನಿಯಲ್ಲೇ, ನನ್ನ ಕಿವಿಯಲ್ಲಿ ಇತ್ತು.

"ಇಲ್ಲವ್ವಾ, ನೋಡಿದ್ಳು. ಹೊತ್ತು ಮೂಡಿತ್ತು. ಬೆಳಕಿಂಡ್ಯಾಗಿಂದ ಬಿಸಲು ಬಿದ್ದಿತ್ತು. ನಿಮ್ಮಾಯಿ ನಿನ್ನ ಬಿಸಲಿಗೆ ಹಿಡದು ತೋರಿಸಿದ್ಳು. 'ಮೂಗು ನಂದ ಅದಲ್ಲ ಅತ್ತಿ' ಅಂದ್ಳಂತ. ನಿಮ್ಮಾಯಿನ ಇಲ್ಲಿ ಕುಂತು ನನಗ ಹೇಳ್ಯಾಳ."

ಹೊನ್ನಮ್ಮನ ಕೈ ತನಗೆ ತಿಳಿಯದೆಯೇ ಮೂಗಿನ ಮೇಲೆ ಹೋಯಿತು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು.

"ಹಂಗಾದ್ರ ಈ ದೀಪ ಆರಿದ್ದು?"

"ಸುಳ್ಳವ್ವಾ" ಅಂದೆ. "ಅದೊಂದು ಪೂರಾ ಸುಳ್ಳು."